ಮುಚ್ಚಳ ತೆಗೆಯಬೇಡ

ಜನವರಿ ೯

ಇವರಿಗೆ,

ನಿಮ್ಮ ಡಿಸೆಂಬರಿನ ಪತ್ರ ಬಂತು. ಜೈಲಿನ ಕಚೇರಿಯವರು ಈ ಸಲ ಒಡೆದು ಓದಿದ ಲಕೋಟೆಯನ್ನು ಮತ್ತೆ ಅಂಟಿಸುವ ಗೋಜಿಗೂ ಹೋಗಿಲ್ಲ, ಒಂದು ಪಿನ್ನು ಹೊಡೆದು ಕಳಿಸಿದ್ದಾರೆ. ಮಂಡಿ ನೋವು ಹೇಗಿದೆ? ಅಲ್ಲಿನ ಡಾಕ್ಟರು ಕೊಟ್ಟ ಮುಲಾಮು ದಿನಾ ಹಚ್ಚಿ, ಡಬ್ಬಿಯಲ್ಲೇ ಇಟ್ಟುಕೊಂಡರೆ ವಾಸಿಯಾಗುವುದಿಲ್ಲ.

ಆಸ್ಪತ್ರೆಯ ಲಾಂಡ್ರಿಯಲ್ಲಿ ನನ್ನನ್ನು ಒಗೆಯುವ ಕಡೆಯಿಂದ ಇಸ್ತ್ರಿಯ ಕಡೆಗೆ ಹಾಕಿದ್ದಾರೆ. ದಿನಕ್ಕೆ ನಾನೂರು ಹಾಸಿಗೆ ಬಟ್ಟೆ. ಕೈ ಬೇಯುತ್ತದೆ, ಕಾಲು ಒಣಗಿರುತ್ತದೆ. ಅಷ್ಟು ಲಾಭ.

ಈಗ ಬರೆಯುತ್ತಿರುವುದು ಒಂದು ಕೆಲಸದ ವಿಷಯಕ್ಕೆ. ಮನೆಯ ಕಂಪ್ಯೂಟರಿನಲ್ಲಿ ನಮ್ಮ ಮಗಳು ಸೀಟಿ ಆಡುವ ರೈಲಿನ ಗೇಮ್ ನಡುವೆಯೇ ಬೀಳುತ್ತಿದೆ. ಶುರುವಾಗುತ್ತದೆ, ರೈಲು ಹೊರಡುತ್ತದೆ, ಸೇತುವೆ ದಾಟಿ ದೊಡ್ಡ ಸ್ಟೇಷನ್ನು ಕಣ್ಣಿಗೆ ಬೀಳುವ ಹೊತ್ತಿಗೆ ಚಿತ್ರ ಕಲ್ಲಾಗಿಬಿಡುತ್ತದೆ. ಶಬ್ದ ಮಾತ್ರ ಒಂದೇ ಕಡೆ ಸಿಕ್ಕಿಕೊಂಡು ಡರ್‌ರ್ ಅನ್ನುತ್ತದೆ. ಆಮೇಲೆ ಗೇಮೇ ಮಾಯ. ಕೆಲವು ಸಲ ಪರದೆ ಪೂರ್ತಿ ನೀಲಿಯಾಗಿ ಏನೇನೋ ಇಂಗ್ಲಿಷಿನಲ್ಲಿ ಬರುತ್ತದೆ, ಓದುವುದರೊಳಗೆ ಹೋಗುತ್ತದೆ.

ನೆಟ್‌ನಲ್ಲಿ ಹುಡುಕಿದೆ. ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ, ತಲೆ ಕೆಟ್ಟುಹೋಯಿತು. ಆದರೆ ಅದಕ್ಕಲ್ಲ ನಿಮಗೆ ಬರೆಯುತ್ತಿರುವುದು. ಆ ಗೇಮ್ ಸೆಂಟರಿನಲ್ಲಿ ಬೆಂಕಿಯಾಗಿ, ನಿಮ್ಮನ್ನು ಕರೆದುಕೊಂಡು ಹೋದ ಮೇಲೆ ಈ ಎರಡು ವರ್ಷದಲ್ಲಿ ಅವಳು ನಿಮಗೆ ಒಂದು ಗೆರೆ ಬರೆದಿಲ್ಲ, ನಿಮ್ಮ ಮಾತೆತ್ತಿದರೆ ಎದ್ದು ಹೋಗುತ್ತಿದ್ದಳು. ಮೊನ್ನೆ ತಾನಾಗಿಯೇ ಬಂದು ನಿಂತು, "ಅಪ್ಪನ್ನ ಕೇಳು. ಅವ್ರಿಗೆ ಗೊತ್ತಿರುತ್ತೆ" ಅಂದಳು. ಫೋನಿನಲ್ಲಿ ನಿಮಗೆ ಸಿಗುವ ಐದು ನಿಮಿಷ ವಕೀಲರಿಗೇ ಸಾಲದು. ಹಾಗಾಗಿ ಪತ್ರ.

ಬೇಗ ಉತ್ತರ ಬರೆಯಿರಿ. ನಾನು ಇದನ್ನು ಹಾಕುವ ಮೊದಲೇ ಅವಳು ಅಂಚೆ ಡಬ್ಬಿ ನೋಡುತ್ತಿದ್ದಾಳೆ, ನೋಡಿಲ್ಲ ಅನ್ನುತ್ತಾಳೆ.

ನಿಮ್ಮವಳು

*

ಜನವರಿ ೨೨

ನನ್ನ ಪ್ರೀತಿಯ ಸೀಟಿಯ ಅಮ್ಮನಿಗೆ,

ನಿನ್ನ ಪತ್ರ ಬಂದ ದಿನ ನಾನು ಊಟದ ಸಾಲಿನಲ್ಲಿ ನನ್ನ ಸರದಿ ಬಿಟ್ಟುಕೊಟ್ಟು ಅದನ್ನೇ ಓದುತ್ತ ನಿಂತಿದ್ದೆ. ಇಲ್ಲಿ ನನಗೆ ರಿಜಿಸ್ಟರಿಗೆ ಹೊಲಿಗೆ ಹಾಕುವ ಕೆಲಸ. ದಾರ, ಸೂಜಿ, ಗೋಂದು. ಎರಡು ವರ್ಷದಿಂದ ಯಾರೂ ನನ್ನನ್ನು ಒಂದು ಮೆಷಿನ್ನಿನ ಬಗ್ಗೆ ಕೇಳಿರಲಿಲ್ಲ. ಅದೂ ಅವಳು ಕೇಳಿದ್ದಾಳೆ! ಮೂರು ವರ್ಷದವಳಿದ್ದಾಗ ನಮ್ಮ ಕಂಪ್ಯೂಟರ್ ರಿಪೇರಿ ಅಂಗಡಿಯ ಕೌಂಟರಿನ ಮೇಲೆ ಕೂತು ರೈಲಿನ ಹಾಗೆ ಸೀಟಿ ಊದಿ ಗಿರಾಕಿಗಳನ್ನು ಬೆಚ್ಚಿಬೀಳಿಸುತ್ತಿದ್ದ ಮುಂಡೇದು. ಆ ಹೆಸರು ನಾನು ಇಟ್ಟಿದ್ದು ಅಂತ ಅವಳಿಗೆ ಗೊತ್ತಿದೆ ತಾನೆ?

ಈಗ ರೋಗಿಯ ವಿಷಯ. ಗೇಮ್ ಬೀಳುವುದು ಜ್ವರ ಇದ್ದ ಹಾಗೆ. ಜ್ವರ ಅಂದರೆ ಸಾಕೇ, ಯಾವ ಜ್ವರ ಅಂತ ಬೇಡವೇ? ಮೊದಲನೆಯದು, ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡನ್ನು ನಡೆಸುವ ಪ್ರೋಗ್ರಾಮು, ಡ್ರೈವರ್ ಅನ್ನುತ್ತಾರೆ, ಹಳೆಯದಾಗಿರಬೇಕು. ಅದನ್ನು ತೆಗೆದು ಹೊಸದು ಹಾಕು. ಹೇಗೆ ಅಂತ ಹಿಂದಿನ ಹಾಳೆಯಲ್ಲಿ ಒಂದೊಂದೇ ಹೆಜ್ಜೆ ಬರೆದಿದ್ದೇನೆ. ಎರಡನೆಯದು, ಗೇಮಿನ ಸೆಟ್ಟಿಂಗ್ಸಿನಲ್ಲಿ ನೆರಳು, ಹೊಗೆ, ನೀರು ಇವನ್ನೆಲ್ಲ ಕಡಿಮೆಗೆ ಇಳಿಸು. ದೊಡ್ಡ ಸ್ಟೇಷನ್ನು ಬರುವಾಗಲೇ ಬೀಳುತ್ತದೆ ಅಂದರೆ ಭಾರ ತಡೆಯುತ್ತಿಲ್ಲ ಅಂತ. ಹಿಂದುಗಡೆ ಬೇರೆ ಯಾವ ಪ್ರೋಗ್ರಾಮೂ ಓಡದಂತೆ ನೋಡಿಕೊ. ಇಷ್ಟಕ್ಕೆ ಸರಿಹೋಗಬೇಕು.

ಒಂದೇ ಒಂದು ಮಾತು. ಏನೇ ಆದರೂ ಸಿಪಿಯುವಿನ ಮುಚ್ಚಳ ತೆಗೆಯಬೇಡ. ಸ್ವಿಚ್ ಆರಿಸಿದರೂ ಒಳಗೆ ಕರೆಂಟು ಕೂತಿರುತ್ತದೆ, ಹಿಡಿದರೆ ಬಿಡುವುದಿಲ್ಲ. ನೀನೂ ಬೇಡ, ಅವಳೂ ಬೇಡ.

ಮಂಡಿ ಪರವಾಗಿಲ್ಲ.

ನಿನ್ನವನು

*

ಫೆಬ್ರವರಿ ೫

ಇವರಿಗೆ,

ನೀವು ಬರೆದದ್ದನ್ನು ನಾವಿಬ್ಬರೂ ಪಕ್ಕದಲ್ಲಿಟ್ಟುಕೊಂಡು ಒಂದೂ ಬಿಡದೆ ಮಾಡಿದೆವು. ಸೀಟಿ ಓದುವುದು, ನಾನು ಒತ್ತುವುದು. "ಅಪ್ಪನ ಅಕ್ಷರ ಡಾಕ್ಟರ ಚೀಟಿ ತರ ಇದೆ" ಅಂತ ನಕ್ಕಳು. ಎಷ್ಟು ದಿನವಾಗಿತ್ತು ಅವಳು ನಕ್ಕು.

ಹೊಸ ಡ್ರೈವರ್ ಹಾಕಿದ ಮೇಲೆ ಒಂದು ಸಂಜೆ ಚೆನ್ನಾಗಿತ್ತು. ಮಾರನೆಯ ದಿನ ಮತ್ತೆ ಅದೇ. ಅವಳು ಒಂದು ನೋಟ್‌ಬುಕ್ಕಿನಲ್ಲಿ ಲೆಕ್ಕ ಇಟ್ಟಿದ್ದಾಳೆ. ಅಲ್ಲಿಂದೀಚೆಗೆ ಹನ್ನೊಂದು ಸಲ ಆಡಿದ್ದಾಳೆ, ಹನ್ನೊಂದು ಸಲವೂ ಬಿದ್ದಿದೆ. ಒಮ್ಮೆ ನಾಲ್ಕು ನಿಮಿಷಕ್ಕೆ, ಒಮ್ಮೆ ಇಪ್ಪತ್ತಾರಕ್ಕೆ. ನೆರಳಿಲ್ಲ, ಹೊಗೆಯಿಲ್ಲ, ನದಿಯಲ್ಲಿ ನೀರು ಕೂಡ ಬಣ್ಣ ಬಳಿದ ಹಲಗೆಯ ಹಾಗಿದೆ. ಆದರೂ ಬೀಳುತ್ತದೆ. ಗೇಮ್ ಒಂದೇ ಅಲ್ಲ, ಶಾಲೆಯ ದೊಡ್ಡ ಫೈಲೊಂದನ್ನು ತೆರೆದಾಗಲೂ ಆ ನೀಲಿ ಪರದೆ ಬಂತು.

ಆಸ್ಪತ್ರೆಯ ವೈರಿಂಗ್ ನೋಡಿಕೊಳ್ಳುವವನೊಬ್ಬ ಇದ್ದಾನಲ್ಲ, ಎಲ್ಲರೂ ಫ್ಯೂಸಣ್ಣ ಅನ್ನುತ್ತಾರೆ. ಇಸ್ತ್ರಿ ಮೆಷಿನ್ನಿನ ಬೆಲ್ಟು ಸರಿಮಾಡಲು ಬಂದಾಗ ಅವನಿಗೆ ಹೇಳಿದೆ. ತಲೆಯೆತ್ತದೆ ಹೇಳಿದ: "ಒಂದ್ಸಲ ನಾಲ್ಕು ನಿಮಿಷ, ಒಂದ್ಸಲ ಇಪ್ಪತ್ತಾರು ಅಂದ್ರೆ ಮೆಮೊರಿ ಅಮ್ಮ. ಒಳಗೆ ಹಸಿರು ಪಟ್ಟಿ ಇರುತ್ತೆ ನೋಡಿ. ಮುಚ್ಚಳ ತೆಗ್ದು, ಅದನ್ನ ಕಿತ್ತು, ಪೆನ್ಸಿಲ್ ರಬ್ಬರಲ್ಲಿ ಉಜ್ಜಿ, ಗಟ್ಟಿಯಾಗಿ ಕೂರ್ಸಿ. ಹತ್ತು ನಿಮಿಷದ ಕೆಲ್ಸ."

"ನಮ್ಮವರು ಮುಚ್ಚಳ ಮಾತ್ರ ತೆಗೀಬೇಡ ಅಂದಿದ್ದಾರೆ" ಅಂದೆ.

"ಯಾಕಂತೆ?"

"ಶಾಕ್ ಹೊಡೆಯುತ್ತಂತೆ."

ಅವನು ನಕ್ಕ. ನನಗೆ ಕೋಪ ಬಂತು. ಅಷ್ಟು ದೂರದಲ್ಲಿದ್ದರೂ ನಮ್ಮ ಮೈಗೆ ಏನೂ ಆಗದಿರಲಿ ಅಂತ ಯೋಚಿಸುತ್ತೀರಿ, ಅವನಿಗೇನು ಗೊತ್ತು.

ನೀವು ಹೂಂ ಅಂದರೆ ತೆಗೆಯುತ್ತೇನೆ. ಅಲ್ಲಿಯವರೆಗೆ ಮುಟ್ಟುವುದಿಲ್ಲ.

ನಿಮ್ಮವಳು

*

ಫೆಬ್ರವರಿ ೧೮

ಪ್ರೀತಿಯ ಸೀಟಿಯ ಅಮ್ಮನಿಗೆ,

ಆ ಫ್ಯೂಸಣ್ಣನಿಗೆ ಟ್ಯೂಬ್‌ಲೈಟು ಬದಲಾಯಿಸಲು ಹೇಳು. ಹದಿನೆಂಟು ವರ್ಷ ಇದೇ ಕೆಲಸ ಮಾಡಿದವನು ನಾನು. ಮನೆಯ ಮೆಷಿನ್ನಿನ ವಿಷಯವನ್ನು ಲಾಂಡ್ರಿಯಲ್ಲೆಲ್ಲ ಸಾರುತ್ತ ಬರಬೇಕಾ?

ಮೆಮೊರಿ ಅಲ್ಲ. ಗೇಮಿನ ಫೈಲುಗಳು ಕೆಟ್ಟಿವೆ. ಗೇಮನ್ನು ಪೂರ್ತಿ ತೆಗೆದುಹಾಕು. ತೆಗೆದ ಮೇಲೂ ಡಾಕ್ಯುಮೆಂಟ್ಸಿನಲ್ಲಿ ಅದರ ಹೆಸರಿನ ಒಂದು ಫೋಲ್ಡರು ಉಳಿದಿರುತ್ತದೆ, ಅದನ್ನೂ ಅಳಿಸು. ಬುಡಸಮೇತ ಹೋಗಬೇಕು. ಆಮೇಲೆ ಹೊಸದಾಗಿ ಹಾಕು.

ಇನ್ನೊಂದು ಸುದ್ದಿ. ಅಪೀಲು ದಾಖಲಾಗಿದೆ. ವಕೀಲರು ಬಂದಿದ್ದರು, ತುಂಬ ಉತ್ಸಾಹದಲ್ಲಿದ್ದಾರೆ. ಮುಖ್ಯ ವಾದ ಹಳೆಯದೇ, ಆದರೆ ಈ ಸಲ ಅದನ್ನೇ ಗಟ್ಟಿಯಾಗಿ ಹಿಡಿಯುತ್ತಾರಂತೆ. ಆ ಸೆಂಟರಿನ ಹನ್ನೆರಡು ಮೆಷಿನ್ನಿಗೆ ಕರೆಂಟು ಹಂಚಲು ನಾನು ಹಾಕಿದ ಪವರ್ ಸಪ್ಲೈ ಡಬ್ಬಿಗಳು ನಕಲಿ, ಅವೇ ಹೊತ್ತಿಕೊಳ್ಳುತ್ತವೆ ಅಂತ ನನಗೂ ಗೊತ್ತಿರಲಿಲ್ಲ. ಅದೇ ಸರಕಿನ ಹದಿಮೂರನೆಯದನ್ನು ನನ್ನ ಸ್ವಂತ ಮನೆಗೆ ಹಾಕಿದ್ದೆ. ಬೆಂಕಿಯಾದ ಮಾರನೆಯ ದಿನ ಹೆದರಿ ಅದನ್ನು ಕಿತ್ತು ಎಸೆದು ಬೇರೆ ಹಾಕಿದೆ. ಗೊತ್ತಿದ್ದೂ ಯಾವ ಅಪ್ಪ ಅಂಥದನ್ನು ಮಗಳ ಕಾಲ ಬುಡದಲ್ಲಿ ಇಡುತ್ತಾನೆ? ಕೆಳಗಿನ ಕೋರ್ಟು ಇದಕ್ಕೆ ಸಾಕ್ಷಿ ಇಲ್ಲ ಅಂದಿತ್ತು. ಈ ಸಲ ನಿನ್ನದೊಂದು ಹೇಳಿಕೆ ಬೇಕಾಗಬಹುದು ಅಂದಿದ್ದಾರೆ. ಸಣ್ಣದು. ಗಾಬರಿಯಾಗಬೇಡ.

ಮುಚ್ಚಳದ ಮಾತು ಮತ್ತೆ ಎತ್ತಬೇಡ.

ನಿನ್ನವನು

*

ಮಾರ್ಚ್ ೪

ಸೀಟಿಯ ಅಪ್ಪನಿಗೆ,

ನೀವು ಹೇಳಿದಂತೆ ಗೇಮನ್ನು ಬುಡಸಮೇತ ಅಳಿಸಿ ಹೊಸದಾಗಿ ಹಾಕಿದೆ. ಅವಳು ಶಾಲೆಯಲ್ಲಿದ್ದಾಗ ಮಾಡಿದೆ, ಬಂದಾಗ ತಯಾರಿರಲಿ ಅಂತ. ಅವಳು ಬಂದು, ಬ್ಯಾಗು ಇನ್ನೂ ಹೆಗಲಲ್ಲಿರುವಾಗಲೇ ಕೂತು, ತೆರೆದು, ಸುಮ್ಮನೆ ನೋಡುತ್ತ ಕೂತಳು. ಖಾಲಿ ಬಯಲು, ಹಸಿರು ಹುಲ್ಲು. ಒಂದು ಹಳಿಯೂ ಇಲ್ಲ.

ಆ ಫೋಲ್ಡರಿನಲ್ಲಿ ಅವಳ ರೈಲುದಾರಿ ಇತ್ತಂತೆ. ನಲವತ್ತೊಂದು ಸ್ಟೇಷನ್ನು. ನನಗೆ ಗೊತ್ತಿರಲಿಲ್ಲ, ಅವಳೇ ಹೇಳಿದಳು: ಮೊದಲನೆಯ ಸ್ಟೇಷನ್ನು ನೀವಿಬ್ಬರೂ ಸೇರಿ ಕಟ್ಟಿದ್ದಂತೆ, ಪ್ಲಾಟ್‌ಫಾರ್ಮಿನ ಗಡಿಯಾರವನ್ನು ನೀವೇ ಇಟ್ಟಿದ್ದಂತೆ. ನಿಮ್ಮ ಹೆಸರು ಎತ್ತಬಾರದು ಅಂತಿದ್ದ ಈ ಎರಡು ವರ್ಷವೂ ಅವಳು ಅದೇ ಸ್ಟೇಷನ್ನಿನಿಂದಲೇ ರೈಲು ಹೊರಡಿಸುತ್ತಿದ್ದಳು.

ಅಳಲಿಲ್ಲ. "ಅಪ್ಪಂಗೆ ಇದು ಗೊತ್ತಿರ್ಲಿಲ್ವಾ?" ಅಂತ ಮಾತ್ರ ಕೇಳಿದಳು.

ಇಷ್ಟು ದಿನ ನಿಮಗೆ ಬರೆಯದ ಒಂದು ವಿಷಯ ಇದೆ. ಶಾಲೆಯಲ್ಲಿ ಅವಳಿಗೆ ಬೆಂಕಿಪೊಟ್ಟಣ ಅಂತ ಹೆಸರಿಟ್ಟಿದ್ದಾರೆ. ಪಕ್ಕದಲ್ಲಿ ಕೂರಲು ಯಾರೂ ಬರುವುದಿಲ್ಲ. ಮನೆಗೆ ಬಂದರೆ ಆ ರೈಲುಗಳೇ ಅವಳಿಗೆ ಜನ. ಇದನ್ನು ಬರೆದು ನಿಮ್ಮನ್ನು ನೋಯಿಸಬಾರದು ಅಂದುಕೊಂಡಿದ್ದೆ.

ಹೊಸದಾಗಿ ಹಾಕಿದ ಗೇಮ್ ಒಂಬತ್ತನೆಯ ನಿಮಿಷಕ್ಕೆ ಬಿತ್ತು.

ಸೀಟಿಯ ಅಮ್ಮ

*

ಮಾರ್ಚ್ ೧೫

ಪ್ರೀತಿಯವಳಿಗೆ,

ತಪ್ಪಾಯಿತು. ಸೇವ್ ಮಾಡಿದ್ದು ಅಲ್ಲಿರುತ್ತದೆ ಅಂತ ನನಗೆ ಹೊಳೆಯಲೇ ಇಲ್ಲ. ಅವಳಿಗೆ ಹೇಳು, ನಾನು ಬಂದ ಮೇಲೆ ಇಬ್ಬರೂ ಸೇರಿ ಮೊದಲಿನಿಂದ ಕಟ್ಟೋಣ. ನಲವತ್ತೊಂದು ಅಲ್ಲ, ನೂರು.

ಬೆಂಕಿಪೊಟ್ಟಣ ಅನ್ನುವ ಮಕ್ಕಳ ಅಪ್ಪ ಅಮ್ಮಂದಿರ ನಾಲಿಗೆಗೆ ಹುಳ ಬೀಳಲಿ. ಅಪೀಲು ಗೆದ್ದರೆ ಎಲ್ಲರ ಬಾಯಿ ಮುಚ್ಚುತ್ತದೆ.

ಇನ್ನು ಆ ಮೆಷಿನ್ನಿಗೆ ಏನೂ ಮಾಡಲು ಹೋಗಬೇಡ. ಪ್ಲಗ್ಗು ಕಿತ್ತು, ಬಟ್ಟೆ ಮುಚ್ಚಿ, ಮೂಲೆಗೆ ಸರಿಸಿ ಇಡು. ಯಾರೂ ಮುಟ್ಟದಿರಲಿ. ನಾನೇ ಬಂದು ನೋಡುತ್ತೇನೆ.

ನಿನ್ನವನು

*

ಏಪ್ರಿಲ್ ೨

ಸೀಟಿಯ ಅಪ್ಪನಿಗೆ,

ಭಾನುವಾರ ಬೆಳಗ್ಗೆ ಮುಚ್ಚಳ ತೆಗೆದೆ.

ನೀವು ಬೇಡ ಅಂದದ್ದನ್ನು ನಾನು ಮಾಡಿದ್ದು ಇದೇ ಮೊದಲು. ಅವಳು ಆ ಖಾಲಿ ಬಯಲಿನಲ್ಲಿ ಮತ್ತೆ ಹಳಿ ಹಾಕಲು ಶುರುಮಾಡಿದ್ದಳು. ಬೀಳುವುದು, ಮತ್ತೆ ತೆರೆಯುವುದು, ಬೀಳುವುದು. ಅವಳ ಬೆನ್ನು ನೋಡುತ್ತ ನಿಂತಿದ್ದೆ. ನನ್ನಿಂದ ಆಗಲಿಲ್ಲ. ಪ್ಲಗ್ಗು ಕಿತ್ತು ಅರ್ಧ ಗಂಟೆ ಬಿಟ್ಟು, ಸ್ಕ್ರೂ ಬಿಚ್ಚಿ, ಪಕ್ಕದ ತಗಡು ಸರಿಸಿದೆ. ಸೀಟಿ ಟಾರ್ಚು ಹಿಡಿದಿದ್ದಳು. ಶಾಕ್ ಹೊಡೆಯಲಿಲ್ಲ.

ಹಸಿರು ಪಟ್ಟಿ ಒಂದು ಕಡೆ ಎದ್ದುಕೊಂಡಿತ್ತು. ಕಿತ್ತು, ಅವಳ ರಬ್ಬರಿನಲ್ಲಿ ಉಜ್ಜಿ, ಟಕ್ ಅನ್ನುವವರೆಗೆ ಒತ್ತಿ ಕೂರಿಸಿದೆ. ಹತ್ತು ನಿಮಿಷವೂ ಆಗಲಿಲ್ಲ. ಅವತ್ತಿನಿಂದ ಗೇಮ್ ಒಂದು ಸಲವೂ ಬಿದ್ದಿಲ್ಲ.

ಹದಿನೆಂಟು ವರ್ಷ ಇದೇ ಕೆಲಸ ಮಾಡಿದವರಿಗೆ ಇದು ನನ್ನ ಮೊದಲ ಪತ್ರಕ್ಕೇ ಗೊತ್ತಾಗಿರಬೇಕು.

ಮುಚ್ಚುವ ಮೊದಲು ಒಳಗೆಲ್ಲ ಧೂಳು ಒರೆಸಿದೆ. ಮೇಲಿನ ಮೂಲೆಯಲ್ಲಿರುವ, ಕರೆಂಟಿನ ಆ ದೊಡ್ಡ ಕಪ್ಪು ಡಬ್ಬಿಯನ್ನೂ ಒರೆಸಿದೆ. ಯಾವುದೇ ಬಿಡಿಭಾಗ ಹಾಕಿದರೂ ಅದರ ಮೇಲೆ ಮಾರ್ಕರಿನಲ್ಲಿ ಎಲ್ಲಿಗೆ, ಯಾವತ್ತು ಅಂತ ಬರೆಯುವುದು ನಿಮ್ಮ ಅಭ್ಯಾಸ. ಅದನ್ನೂ ಓದಿದೆ.

ಇನ್ನು ಬರೆಯುವುದಿಲ್ಲ. ಈ ಕಾಗದವನ್ನು ನಿಮಗಿಂತ ಮೊದಲು ಓದುವವರು ಬೇರೆ ಇದ್ದಾರೆ. ಇಪ್ಪತ್ತೊಂದನೆಯ ತಾರೀಖು ಭೇಟಿಗೆ ಬರುತ್ತೇನೆ.

ಸೀಟಿಯ ಅಮ್ಮ

*

ಮೇ ೧೨

ಪ್ರೀತಿಯವಳಿಗೆ,

ನೀನು ಬಂದು ಹೋಗಿ ಮೂರು ವಾರವಾಯಿತು. ಎರಡು ದಿನ ಬಸ್ಸಿನಲ್ಲಿ ಕೂತು ಬಂದು, ಗಾಜಿನ ಆ ಕಡೆ ಇಪ್ಪತ್ತು ನಿಮಿಷ ಕೂತು, ಮಂಡಿ ನೋವು ಹೇಗಿದೆ ಅಂತ ಕೇಳಿ, ಎದ್ದು ಹೋದೆ. ನಿನ್ನ ಬೆನ್ನ ಹಿಂದೆ ಗಾರ್ಡು ನಿಂತಿದ್ದ, ನನ್ನ ಹಿಂದೆಯೂ ನಿಂತಿದ್ದ. ಆದರೂ ನೀನು ಬಂದೆ. ಬಾಯಿ ಬಿಡಲಿಲ್ಲ. ಅಷ್ಟರಲ್ಲೇ ನನಗೆ ಎಲ್ಲ ಅರ್ಥವಾಯಿತು. ನೀನು ನನ್ನ ಕೈ ಬಿಡುವವಳಲ್ಲ.

ಅವತ್ತಿನಿಂದ ನಿದ್ದೆ ಬರುತ್ತಿದೆ.

ವಕೀಲರು ಈ ವಾರವೋ ಮುಂದಿನ ವಾರವೋ ಮನೆಗೆ ಬರುತ್ತಾರೆ. ಕಾಗದ ಅವರೇ ಬರೆದುಕೊಂಡು ಬರುತ್ತಾರೆ. ಬೆಂಕಿಯಾದ ಮಾರನೆಯ ದಿನ ನಾನು ಹಳೆಯ ಡಬ್ಬಿ ಕಿತ್ತು ಎಸೆದು ಬೇರೆ ಹಾಕಿದ್ದನ್ನು ನೀನು ಕಣ್ಣಾರೆ ನೋಡಿದೆ ಅಂತ ಅದರಲ್ಲಿರುತ್ತದೆ. ಸಹಿ ಹಾಕು. ಮನೆಯಲ್ಲಿರುವ ಹಳೇ ಸಾಮಾನನ್ನೆಲ್ಲ ಗುಜರಿಗೆ ಹಾಕಿಬಿಡು, ಜಾಗವಾದರೂ ಆಗುತ್ತದೆ. ಕಂಪ್ಯೂಟರನ್ನೂ. ಅವಳಿಗೆ ಹೊಸದು ಕೊಡಿಸೋಣ.

ಅವಳಿಗಾಗಿ ಸಹಿ ಹಾಕು. ನನಗಾಗಿ ಅಲ್ಲ.

ನಿನ್ನವನು

*

ಮೇ ೨೭

ಸೀಟಿಯ ಅಪ್ಪನಿಗೆ,

ವಕೀಲರು ಗುರುವಾರ ಬಂದಿದ್ದರು. ಶೂ ಬಿಚ್ಚದೆ ಕುರ್ಚಿಯ ತುದಿಯಲ್ಲಿ ಕೂತರು. ಕಾಗದ ಮೇಜಿನ ಮೇಲಿಟ್ಟು, ಸಹಿ ಹಾಕಬೇಕಾದ ಕಡೆ ಪೆನ್ಸಿಲಿನಲ್ಲಿ ಗುರುತು ಮಾಡಿ, ಪೆನ್ನಿನ ಮುಚ್ಚಳ ಕೂಡ ಅವರೇ ತೆಗೆದುಕೊಟ್ಟರು. ನಾನು ಓದಿದೆ.

"ನಾನು ಇದನ್ನ ನೋಡಿಲ್ಲ" ಅಂದೆ.

"ನೋಡಿದ್ದೀರಿ ಅಂತ ನಿಮ್ಮವರು ಹೇಳಿದ್ದಾರೆ."

"ಅವತ್ತು ನಾನು ಲಾಂಡ್ರಿಯಲ್ಲಿದ್ದೆ. ಹಾಜರಿ ಪುಸ್ತಕದಲ್ಲಿದೆ. ಅವರು ಆಮೇಲೆ ಹೇಳಿದ್ರು, ನಾನು ನಂಬಿದ್ದೆ. ಅಷ್ಟೇ."

"ಅಮ್ಮಾ, ಗಂಡ ಹೇಳಿದ್ದು ಹೆಂಡತಿ ನೋಡಿದ್ದಕ್ಕೆ ಸಮ. ಒಂದು ಸಹಿ. ಅವರು ಮನೆಗೆ ಬರೋದು ಬೇಡ್ವಾ ನಿಮಗೆ?"

ಬೇಕು ಅಂದೆ. ಪೆನ್ನು ಮಾತ್ರ ಮುಟ್ಟಲಿಲ್ಲ. ಸೀಟಿ ಒಳಗಿನ ಬಾಗಿಲಲ್ಲಿ ನಿಂತಿದ್ದಳು. ಅವರು ಕಾಗದವನ್ನು ಮಡಿಸಿ ಇಟ್ಟುಕೊಂಡು, ಯೋಚನೆ ಮಾಡಿ ಅಂತ ಹೇಳಿ ಹೋದರು.

ಕೋರ್ಟಿನಲ್ಲಿ ನಮಗೆ ಕೂರಲು ಒಂದೇ ಬೆಂಚು ಇತ್ತು, ನಿಮಗೆ ಅದು ಕಾಣುತ್ತಿರಲಿಲ್ಲ. ಅದರ ಒಂದು ತುದಿಗೆ ನಾನು. ಇನ್ನೊಂದು ತುದಿಗೆ, ಆ ಬೆಂಕಿಯಲ್ಲಿ ತೀರಿಹೋದ, ಸೆಂಟರಿನ ಕೌಂಟರಿನಲ್ಲಿ ಕೆಲಸಕ್ಕಿದ್ದ ಹುಡುಗಿಯ ಅಮ್ಮ. ಒಂಬತ್ತು ತಿಂಗಳು ಹಾಗೇ ಕೂತೆವು. ಒಂದು ದಿನ ನನಗೆ ಕೆಮ್ಮು ಹತ್ತಿ ನಿಲ್ಲಲೇ ಇಲ್ಲ. ಆಕೆ ತನ್ನ ನೀರಿನ ಬಾಟಲಿಯನ್ನು ಬೆಂಚಿನ ಮೇಲೆ ನನ್ನ ಕಡೆ ಸರಿಸಿದಳು. ನಾನು ಯಾರು ಅಂತ ಗೊತ್ತಿದ್ದೂ ಸರಿಸಿದಳು. ನಾನು ಕುಡಿದೆ. ನನ್ನ ಗಂಡನೂ ಮೋಸಹೋದವನೇ, ನಾವಿಬ್ಬರೂ ಒಂದೇ ಮೋಸಗಾರನಿಂದ ಕೆಟ್ಟವರು ಅಂತ ಆಗ ನನಗೆ ನಂಬಿಕೆ ಇತ್ತು. ಅದಕ್ಕೇ ಆ ನೀರು ಗಂಟಲಿನಲ್ಲಿ ಇಳಿಯಿತು.

ಅವತ್ತೇ ಸಾಕ್ಷಿಗೆ ಅಂತ ಸುಡದೆ ಉಳಿದ ಒಂದು ಡಬ್ಬಿಯನ್ನು ತಂದಿದ್ದರು. ಗುಮಾಸ್ತ ಅದನ್ನು ಎರಡು ಬೆರಳಿನಲ್ಲಿ ಎತ್ತಿ ನ್ಯಾಯಾಧೀಶರಿಗೆ ತೋರಿಸಿದ. ನಮ್ಮ ಮನೆಯದನ್ನು ಒರೆಸುವಾಗ ನಾನು ಸ್ಕ್ರೂ ಬಿಚ್ಚಿ ಎತ್ತಿ ನೋಡಿದೆ. ಎರಡೂ ಕೈ ಬೇಕಾಯಿತು.

ನಾನು ಭೇಟಿಗೆ ಬಂದದ್ದು ನೀವು ಅಂದುಕೊಂಡಿದ್ದಕ್ಕಲ್ಲ. ನೀವೇ ಹೇಳುತ್ತೀರೇನೋ ಅಂತ ಬಂದೆ. ಗಾರ್ಡು ಇದ್ದರು, ನಿಜ. ಒಂದು ಸಲ ತಲೆ ತಗ್ಗಿಸಿದ್ದರೂ ಸಾಕಿತ್ತು. ನೀವು ಅಪೀಲಿನ ತಾರೀಖು ಹೇಳುತ್ತಿದ್ದಿರಿ.

ಈ ಕಾಗದವನ್ನು ನಿಮಗಿಂತ ಮೊದಲು ಓದುವವರು ಓದಿದರೆ ಓದಲಿ, ಗೊತ್ತಿದ್ದೇ ಬರೆದಿದ್ದೇನೆ. ನಾನಾಗಿ ಯಾರ ಹತ್ತಿರವೂ ಹೋಗಿ ಹೇಳುವುದಿಲ್ಲ. ಸುಳ್ಳಿಗೆ ಸಹಿಯನ್ನೂ ಹಾಕುವುದಿಲ್ಲ. ಗುಜರಿಗೂ ಏನನ್ನೂ ಹಾಕುವುದಿಲ್ಲ. ಆ ಡಬ್ಬಿ ಎಲ್ಲಿದೆಯೋ ಅಲ್ಲೇ ಇರುತ್ತದೆ. ಉಳಿದದ್ದು ನಿಮ್ಮ ಕೆಲಸ.

ಸೀಟಿಯ ಅಮ್ಮ

*

ಜೂನ್ ೧೬

ಸೀಟಿಯ ಅಮ್ಮನಿಗೆ,

ಹದಿನೈದು ದಿನ ನಿನ್ನ ಮೇಲೆ ಕೋಪದಲ್ಲಿದ್ದೆ. ಮೂರು ಪತ್ರ ಬರೆದು ಹರಿದೆ. ಅದರಲ್ಲಿ ಇದ್ದ ಮಾತುಗಳನ್ನು ನೀನು ಓದದೇ ಇದ್ದದ್ದು ಒಳ್ಳೆಯದಾಯಿತು.

ಈ ಪತ್ರವನ್ನು ನಾನು ಅಂಚೆ ಡಬ್ಬಿಗೆ ಹಾಕುತ್ತಿಲ್ಲ. ಜೈಲಿನ ಅಧಿಕಾರಿಯ ಕೈಗೇ ಕೊಟ್ಟು, ಓದಿ, ಕೋರ್ಟಿಗೊಂದು ಪ್ರತಿ ಕಳಿಸಿ ಅಂತ ಹೇಳುತ್ತೇನೆ. ಹಾಗಾಗಿ ನಿನಗೆ ತಲುಪುವುದು ತಡವಾಗಬಹುದು.

ಸರಕು ಬಂದದ್ದು ಬೆಂಕಿಯಾದ ವರ್ಷದ ಮಾರ್ಚ್ ಹದಿನಾಲ್ಕಕ್ಕೆ. ಮೊದಲನೆಯ ಡಬ್ಬಿಯನ್ನು ಎತ್ತಿದಾಗಲೇ ನನ್ನ ಕೈಗೆ ಗೊತ್ತಾಯಿತು. ತೂಕವೇ ಇಲ್ಲ. ಒಂದನ್ನು ಬಿಚ್ಚಿ ನೋಡಿದೆ. ಒಳಗೆ ಇರಬೇಕಾದ ಅರ್ಧ ಸಾಮಾನು ಇರಲಿಲ್ಲ, ವೈರುಗಳು ದಾರದಷ್ಟು ತೆಳು, ಹೆಚ್ಚು ಬಿಸಿಯಾದರೆ ತಾನಾಗಿ ಆರಿಹೋಗುವ ವ್ಯವಸ್ಥೆಯೇ ಇಲ್ಲ. ಮೇಲೆ ಮಾತ್ರ ಚೆಂದದ ಲೇಬಲ್ಲು. ಸೆಂಟರಿನ ಮಾಲೀಕ ನಾಡಿದ್ದು ಓಪನಿಂಗು ಅಂತ ತಲೆಯ ಮೇಲೆ ಕೂತಿದ್ದ. ವಾಪಸು ಕಳಿಸಿದರೆ ಹದಿನೈದು ದಿನ. ಈಗ ಹಾಕಿಬಿಡೋಣ, ಒಂದೊಂದಾಗಿ ಬದಲಾಯಿಸೋಣ ಅಂದುಕೊಂಡೆ. ಹನ್ನೆರಡನ್ನೂ ಹಾಕಿದೆ. ಬದಲಾಯಿಸಲಿಲ್ಲ. ಏಳು ತಿಂಗಳು ಏನೂ ಆಗಲಿಲ್ಲ ನೋಡು, ಆಗ ಮನುಷ್ಯ ಏನೂ ಆಗುವುದಿಲ್ಲ ಅಂದುಕೊಳ್ಳುತ್ತಾನೆ.

ಅದೇ ದಿನ ಸಂಜೆ ಬೇರೆ ಅಂಗಡಿಗೆ ಹೋಗಿ, ಅವರಲ್ಲಿದ್ದದ್ದರಲ್ಲೇ ಗಟ್ಟಿಯಾದದ್ದು ಒಂದನ್ನು ತಂದು ನಮ್ಮ ಮನೆಗೆ ಹಾಕಿದೆ. ನಮ್ಮ ಹಳೆಯದೇ ಇನ್ನೂ ಚೆನ್ನಾಗಿತ್ತು. ಬದಲಾಯಿಸುವ ಅಗತ್ಯವೇ ಇರಲಿಲ್ಲ. ಆ ಟೊಳ್ಳು ಡಬ್ಬಿ ಬಿಚ್ಚಿ ನೋಡಿದ ಮೇಲೆ, ಸೀಟಿ ಕೂರುವ ಜಾಗ ಕಣ್ಣಿಗೆ ಬಂದು ನನಗೆ ಕೂರಲಾಗಲಿಲ್ಲ. ಅದರ ಮೇಲೆ ಬರೆದೆ: ಮನೆಗೆ, ಮಾರ್ಚ್ ೧೪. ನೀನು ಓದಿದ್ದು ಅದನ್ನೇ. ಹದಿಮೂರನೆಯ ಡಬ್ಬಿ ಅನ್ನುವುದೇ ಇರಲಿಲ್ಲ. ನಾನು ಕಿತ್ತು ಎಸೆದದ್ದು ಏನೂ ಇಲ್ಲ.

ಇನ್ನೊಂದು ಇದೆ. ಇದು ಕೋರ್ಟಿಗೂ ಗೊತ್ತಿಲ್ಲ. ಆ ಹುಡುಗಿ ನನ್ನನ್ನು ಅಣ್ಣ ಅನ್ನುತ್ತಿದ್ದಳು. ಬೆಂಕಿಗೆ ಒಂದು ವಾರ ಮೊದಲು ಫೋನು ಮಾಡಿದ್ದಳು. "ಅಣ್ಣಾ, ಏಳನೇ ಮೆಷಿನ್ನಲ್ಲಿ ಗೇಮ್ ಹಾಕಿದ್ರೆ ಸಾಕು, ದಪ್ ಅಂತ ಆಫ್ ಆಗುತ್ತೆ. ಹತ್ರ ಹೋದ್ರೆ ಏನೋ ಸುಟ್ಟ ವಾಸ್ನೆ. ತೆಗ್ದು ನೋಡ್ಲಾ?" ಅಂದಳು. ತೆಗೆದರೆ ವೈರು ಕಪ್ಪಾಗಿದ್ದು ಅವಳಿಗೆ ಕಾಣುತ್ತಿತ್ತು, ಮಾಲೀಕನಿಗೆ ಹೇಳುತ್ತಿದ್ದಳು. ನಾನು ಅಂದೆ: "ಧೂಳಿರ್ಬೇಕು ಕಣಮ್ಮ. ಹೊರಗಿಂದ ಒರೆಸು ಸಾಕು. ಮುಚ್ಚಳ ತೆಗೀಬೇಡ."

ಅವಳು ಸರಿ ಅಣ್ಣ ಅಂದಳು.

ನಿನಗೆ ಅದೇ ಮಾತು ಬರೆಯುವಾಗ ನನ್ನ ಕೈ ಒಂದು ಸಲವೂ ನಿಲ್ಲಲಿಲ್ಲ. ಹದಿನೈದು ದಿನದ ಕೋಪ ಇಳಿದದ್ದು ಇದು ನೆನಪಾದ ಮೇಲೆ.

ಅಪೀಲು ವಾಪಸು ತೆಗೆದುಕೊಳ್ಳಿ ಅಂತ ವಕೀಲರಿಗೆ ಹೇಳಿದ್ದೇನೆ. ಅವರು ಬೈದು ಹೋದರು. ಪ್ರಮಾಣ ಮಾಡಿ ಸುಳ್ಳು ಹೇಳಿದ್ದಕ್ಕೆ ಬೇರೆ ಕೇಸು ಬರುತ್ತದೆ, ವರ್ಷ ಹೆಚ್ಚುತ್ತದೆ. ಎಷ್ಟು ಅಂತ ಗೊತ್ತಿಲ್ಲ.

ಇದನ್ನು ಅವಳಿಗೆ ತೋರಿಸುವುದು ಬಿಡುವುದು ನಿನಗೆ ಬಿಟ್ಟದ್ದು.

ಸೀಟಿಯ ಅಪ್ಪ

*

ಆಗಸ್ಟ್ ೩

ಸೀಟಿಯ ಅಪ್ಪನಿಗೆ,

ನಿಮ್ಮ ಪತ್ರ ಐದು ವಾರ ಅವರ ಕಚೇರಿಯಲ್ಲೇ ಇತ್ತು. ಪ್ರತಿ ಪುಟಕ್ಕೂ ಮೊಹರು ಬಿದ್ದಿದೆ. ಪತ್ರಕ್ಕಿಂತ ಮೊದಲು ಪೊಲೀಸರು ಬಂದರು.

ಇಬ್ಬರು ಬಂದಿದ್ದರು, ಅದರಲ್ಲೊಬ್ಬಳು ಹೆಂಗಸು. ಡಬ್ಬಿ ಬೇಕು ಅಂದರು. ಎಲ್ಲಿ ಬಿಚ್ಚಬೇಕು ಅಂತ ಅವರಿಗೆ ಗೊತ್ತಾಗಲಿಲ್ಲ. ಸೀಟಿಯೇ ಮಂಡಿಯೂರಿ ಕೂತು ಯಾವ ಸ್ಕ್ರೂ, ಯಾವ ವೈರು ಅಂತ ತೋರಿಸಿಕೊಟ್ಟಳು. ಹೊರಗೆ ತೆಗೆದಾಗ ಮಾರ್ಕರಿನ ಅಕ್ಷರ ಮೇಲೆ ಬಂತು. ಆ ಹೆಂಗಸು ಫೋಟೋ ತೆಗೆದುಕೊಂಡು, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ನನ್ನಿಂದ ರಸೀದಿಗೆ ಸಹಿ ಹಾಕಿಸಿಕೊಂಡಳು. ಆ ಸಹಿ ಹಾಕಲು ನನಗೆ ಕಷ್ಟವಾಗಲಿಲ್ಲ. ಅವರು ಹೋದ ಮೇಲೆ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಕೂತಿದ್ದೆ.

ಪತ್ರ ಬಂದ ದಿನ ಅವಳಿಗೆ ಓದಲು ಕೊಟ್ಟೆ. ಹನ್ನೆರಡು ವರ್ಷದವಳಿಗೆ ಕೊಡಬಾರದಿತ್ತೇನೋ. ಆದರೆ ಬೆಂಕಿಪೊಟ್ಟಣ ಅನ್ನಿಸಿಕೊಂಡು ಕೂತವಳಿಗೆ ಯಾಕೆ ಅಂತಲಾದರೂ ಗೊತ್ತಿರಲಿ ಅನ್ನಿಸಿತು. ಎರಡು ಸಲ ಓದಿದಳು. "ನಂಗೆ ಮಾತ್ರ ಒಳ್ಳೇದು ಹಾಕಿದ್ರಾ?" ಅಂತ ಕೇಳಿದಳು. ಹೂಂ ಅಂದೆ. "ಆ ಅಕ್ಕಂಗೆ ಎಷ್ಟು ವರ್ಷ?" ಇಪ್ಪತ್ತೆರಡು ಅಂದೆ. ಪತ್ರವನ್ನು ಮಡಿಸಿ ಕೊಟ್ಟು ಪಾತ್ರೆ ತೊಳೆಯಲು ಹೋದಳು. ಆ ಕೆಲಸವನ್ನು ಅವಳು ಹೇಳದೆ ಮಾಡಿದ್ದು ನಾನು ನೋಡಿರಲಿಲ್ಲ. ಬೇರೆ ಡಬ್ಬಿ ಹಾಕಿಸಿಕೊಡಲಾ ಅಂತ ಫ್ಯೂಸಣ್ಣ ಕೇಳಿದ. ಅವಳು ಬೇಡ ಅಂದಳು.

ಕಳೆದ ವಾರ ನಾನು ಆ ಹುಡುಗಿಯ ಅಮ್ಮನ ಮನೆ ಹುಡುಕಿಕೊಂಡು ಹೋದೆ. ಮೂರನೆಯ ಮಹಡಿ. ಬಾಗಿಲು ತೆರೆದು ನನ್ನನ್ನು ನೋಡಿ, "ಗೊತ್ತಾಯ್ತು. ಕೋರ್ಟಿನವರು ಹೇಳಿದ್ರು" ಅಂದಳು. ಒಳಗೆ ಬನ್ನಿ ಅನ್ನಲಿಲ್ಲ, ಬಾಗಿಲು ಹಾಕಲೂ ಇಲ್ಲ. ಹೊಸ್ತಿಲಿನ ಆ ಕಡೆ ಆಕೆ, ಈ ಕಡೆ ನಾನು. ಏನು ಹೇಳಬೇಕು ಅಂತ ದಾರಿಯುದ್ದಕ್ಕೂ ಜೋಡಿಸಿಕೊಂಡು ಹೋಗಿದ್ದೆ. ಅದಕ್ಕೆ ಮೊದಲೇ ಆಕೆ ಕೇಳಿದಳು: "ಫೋನ್ ಮಾಡಿದ್ಲಂತೆ ಅವ್ಳು. ಹೌದಾ?"

"ಹೌದು."

"ನಂಗೆ ಹೇಳಿರ್ಲಿಲ್ಲ" ಅಂದಳು. "ಎಲ್ಲಾನೂ ಹೇಳ್ತಿದ್ಲು. ಇದೊಂದು ಹೇಳಿರ್ಲಿಲ್ಲ." ಆಮೇಲೆ ಬಾಗಿಲನ್ನು ಮೆಲ್ಲಗೆ ಮುಚ್ಚಿದಳು. ಒಳಗಿನಿಂದ ಚಿಲಕ ಹಾಕುವ ಸದ್ದು ತುಂಬ ಹೊತ್ತು ಕೇಳಿಸಲಿಲ್ಲ. ಆಕೆ ಅಲ್ಲೇ ನಿಂತಿದ್ದಳು ಅಂತ ಕಾಣುತ್ತದೆ. ನಾನೂ ನಿಂತಿದ್ದೆ.

ನೀವು ಹೇಳಿದ್ದು ಒಳ್ಳೆಯದಾಯಿತು ಅಂತ ಬರೆಯಲು ಕೂತೆ. ಒಳ್ಳೆಯದು ಅನ್ನುವ ಮಾತು ಇದಕ್ಕೆ ಹೊಂದುವುದಿಲ್ಲ. ನಿಮ್ಮ ಮೇಲೆ ಏನು ಉಳಿದಿದೆ ಅಂತ ನನಗೇ ಗೊತ್ತಿಲ್ಲ, ಗೊತ್ತಾದಾಗ ಬರೆಯುತ್ತೇನೆ.

ಸೆಪ್ಟೆಂಬರ್ ಹದಿನೆಂಟಕ್ಕೆ ಭೇಟಿಗೆ ಹೆಸರು ಬರೆಸಿದ್ದೇನೆ. ಎರಡು ಹೆಸರು. "ನಂದೂ ಬರೆಸು" ಅಂತ ಅವಳೇ ಅಂದಳು. ನಿಮ್ಮನ್ನು ಏನೋ ಕೇಳಬೇಕಂತೆ. ಏನು ಅಂತ ನನಗೆ ಹೇಳಿಲ್ಲ, ನಾನೂ ಒತ್ತಾಯ ಮಾಡಲಿಲ್ಲ. ನಾನು ಅವಳ ಪಕ್ಕದಲ್ಲಿ ಕೂತಿರುತ್ತೇನೆ. ನಿಮ್ಮ ಪರವಾಗಿ ಒಂದು ಮಾತೂ ಆಡುವುದಿಲ್ಲ.

ಸೀಟಿಯ ಅಮ್ಮ